ಎಸ್ಕಲಾಂಟೆಯ ಬಿರುಕುಕಣಿವೆಗಳಲ್ಲಿ

ಅಮೆರಿಕದ ಯೂಟಾ ರಾಜ್ಯದ ದಕ್ಷಿಣ ಭಾಗದಲ್ಲಿರುವ ಗ್ರಾಂಡ್ ಸ್ಟೇರ್‌ಕೇಸ್-ಎಸ್ಕಲಾಂಟೆ ಪ್ರದೇಶವನ್ನು 1996ರಲ್ಲಿ ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಲಾಯಿತು. ಎಸ್ಕಲಾಂಟೆ ಪಟ್ಟಣದ ಆಚೆ ಕವಲೊಡೆಯುವ ಹೋಲ್-ಇನ್-ದ-ರಾಕ್ ಮಣ್ಣುದಾರಿಯು 1879ರಲ್ಲಿ ಮಾರ್ಮನ್ ಎಂಬ ಕ್ರೈಸ್ತ ಪಂಥದ ವಲಸಿಗರ ಬಂಡಿಗಳು ಸಾಗಿದ ಜಾಡನ್ನೇ ಬಹುಮಟ್ಟಿಗೆ ಹಿಡಿದು ಹೋಗುತ್ತದೆ. ಮಳೆ ಬಿದ್ದ ದಿನ ಆ ದಾರಿಗಿಳಿಯದಿರುವುದೇ ಲೇಸು.

ನಾವು ಹೋದದ್ದು ಸ್ಪೂಕಿ ಎಂಬ ಬಿರುಕುಕಣಿವೆಗೆ. ದಿಢೀರ್ ಪ್ರವಾಹಗಳು ನವಾಹೊ ಮರಳುಗಲ್ಲನ್ನು ಕೊರೆದು ಮಾಡಿದ ಈ ಓಣಿ ಎಷ್ಟು ಕಿರಿದೆಂದರೆ, ಬೆನ್ನಚೀಲವನ್ನು ಕಳಚಿ ಕೈಯಲ್ಲಿ ಹಿಡಿದು, ಮೈಯನ್ನು ಅಡ್ಡಲಾಗಿ ತಿರುಗಿಸಿ, ಒಂದೊಂದೇ ಹೆಜ್ಜೆ ಜರುಗಬೇಕಾಗುತ್ತದೆ. ತಲೆಯೆತ್ತಿದರೆ ಸೀರೆಯಂಚಿನಷ್ಟೇ ಆಕಾಶ. ದೂರದಲ್ಲೆಲ್ಲೋ ಸುರಿದ ಮಳೆಯ ನೀರು ಇಲ್ಲಿ ಬಿಸಿಲಿರುವಾಗಲೇ ನುಗ್ಗಿ ಬರಬಹುದಾದ್ದರಿಂದ, ಹವಾಮಾನ ಮುನ್ಸೂಚನೆಯನ್ನು ನೋಡದೆ ಯಾರೂ ಒಳಗಿಳಿಯಬಾರದು.

ಆದರೂ ನನ್ನ ಮನಸ್ಸನ್ನು ಹೆಚ್ಚು ಹಿಡಿದದ್ದು ಅಲ್ಲಿನ ನೆಲ. ದಾರಿಯ ಪಕ್ಕದಲ್ಲಿ ಕಪ್ಪಾಗಿ, ಉಬ್ಬುತಗ್ಗಾಗಿ ಹರಡಿಕೊಂಡ ಮಣ್ಣಿನ ಪದರವು ಸಯನೋಬ್ಯಾಕ್ಟೀರಿಯಾ ಎಂಬ ಸೂಕ್ಷ್ಮಜೀವಿಗಳು, ಕಲ್ಲುಹೂ ಮತ್ತು ಹಾವಸೆಗಳಿಂದ ಕೂಡಿದ ಜೀವಂತ ಹೊದಿಕೆ. ಮರಳು ಗಾಳಿಗೆ ಹಾರಿಹೋಗದಂತೆ ಅದು ಹಿಡಿದಿಡುತ್ತದೆ. ಒಂದು ಬೂಟುಗಾಲಿಗೆ ಪುಡಿಯಾಗುವ ಅದು ಮತ್ತೆ ಬೆಳೆಯಲು ದಶಕಗಳೇ ಬೇಕು. ಅಲ್ಲಿಗೆ ಹೋಗುವವರು ದಯವಿಟ್ಟು ಜಾಡಿನಲ್ಲೇ, ಇಲ್ಲವೇ ಬರಿಬಂಡೆಯ ಮೇಲೆ ಅಥವಾ ಒಣ ಹಳ್ಳದ ಮರಳಿನಲ್ಲಿ ನಡೆಯಬೇಕು; ಕುಡಿಯುವ ನೀರನ್ನು ಪಟ್ಟಣದಿಂದಲೇ ಧಾರಾಳವಾಗಿ ಒಯ್ಯಬೇಕು.