ಗಿಗಾಪಿಕ್ಸೆಲ್ ಕ್ಯಾಮೆರಾದ ಪರೀಕ್ಷಾ ಹಾರಾಟ

ವಿಮಾನದಿಂದ ನೆಲದ ಮೇಲೆ ಕಣ್ಣಿಡುವ ಆರ್ಗಸ್-ಐಎಸ್ ಕ್ಯಾಮೆರಾ ಅಂದರೆ ಎಲ್ಲರ ಬಾಯಲ್ಲೂ 1.8 ಗಿಗಾಪಿಕ್ಸೆಲ್ ಮಾತೇ. ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ಡಾರ್ಪಾಗಾಗಿ ಬಿಎಇ ಸಿಸ್ಟಮ್ಸ್ ಕಂಪನಿ ಮಾಡಿದ ಈ ಕ್ಯಾಮೆರಾದಲ್ಲಿ ಮೊಬೈಲ್ ಫೋನಿನ ಜಾತಿಯ 5 ಮೆಗಾಪಿಕ್ಸೆಲ್ ಚಿಪ್‌ಗಳು 368. ಚಿಪ್ಪಿನ ಅಂಚಿಗೆ ಕವಚ ಇರುವುದರಿಂದ ಒತ್ತೊತ್ತಾಗಿ ಜೋಡಿಸಲು ಬರುವುದಿಲ್ಲ. ಅದಕ್ಕೇ 4 ಲೆನ್ಸ್, ಒಂದೊಂದರ ಹಿಂದೆ 92 ಚಿಪ್. ಒಂದು ಬಿಟ್ಟ ಸಂದನ್ನು ಇನ್ನೊಂದು ತುಂಬುತ್ತದೆ. 17,500 ಅಡಿಯಿಂದ ಸುಮಾರು 40 ಚದರ ಕಿ.ಮೀ. ಕಾಣುತ್ತದೆ, ಒಂದು ಪಿಕ್ಸೆಲ್‌ಗೆ ನೆಲದ ಮೇಲೆ 15 ಸೆಂ.ಮೀ. ಜಾಣ ಕೆಲಸವೇ. ಆದರೂ ಇಂಥ ಕ್ಯಾಮೆರಾ ಹಾರಿಸುವ ದಿನ ಪಿಕ್ಸೆಲ್ ಎಣಿಸುವವರು ಯಾರೂ ಇರುವುದಿಲ್ಲ. ತಲೆ ತಿನ್ನುವುದು ಚಳಿ, ಕೋನ, ಗಡಿಯಾರ.

ಮೊದಲು ಚಳಿ. ನೆಲದಲ್ಲಿ 30 ಡಿಗ್ರಿ ಇದ್ದರೆ ಆ ಎತ್ತರದಲ್ಲಿ ಸೊನ್ನೆಗಿಂತ 5ರಷ್ಟು ಕೆಳಗಿರಬಹುದು. ನಾಭಿದೂರ 85 ಮಿ.ಮೀ. ಇರುವ ಲೆನ್ಸಿನ ಅಲ್ಯೂಮಿನಿಯಂ ಕೊಳವೆ ಅಷ್ಟಕ್ಕೇ ಸುಮಾರು 0.07 ಮಿ.ಮೀ. ಕುಗ್ಗುತ್ತದೆ. ಫೋಕಸ್ ಕೆಡಲು ಅದರ ಹತ್ತನೇ ಒಂದು ಪಾಲು ಸಾಕು. ಹಾಗಾಗಿ ಮೇಲೇರಿದ ಕೂಡಲೇ ಚಿತ್ರ ತೆಗೆಯದೆ, ಹೀಟರ್ ಹಾಕಿ, ಕ್ಯಾಮೆರಾ ಕೂತ ಗೂಡಾದ ಪಾಡ್‌ನ ಉಷ್ಣತೆ ಒಂದೇ ಮಟ್ಟದಲ್ಲಿ ನಿಲ್ಲುವವರೆಗೆ ಸುಮ್ಮನೆ ಸುತ್ತಬೇಕು.

ಆಮೇಲೆ ಗುರುತುಗಳ ಮೈದಾನ. ನೆಲದಲ್ಲಿ ಬಿಳಿ ಶಿಲುಬೆ ಗುರುತು ಹಾಕಿ ಅವುಗಳ ಸ್ಥಾನವನ್ನು, ನೆಲದ ನಿಲ್ದಾಣದ ತಿದ್ದುಪಡಿಯಿಂದ ಹೆಚ್ಚು ನಿಖರವಾಗುವ ಡಿಫರೆನ್ಷಿಯಲ್ ಜಿಪಿಎಸ್‌ನಿಂದ ಮೊದಲೇ ಅಳೆದಿಟ್ಟಿರುತ್ತಾರೆ. ಕ್ಯಾಮೆರಾ ಲೆಕ್ಕ ಹಾಕಿದ ಜಾಗ ಅದಕ್ಕೆ ಕೂಡಬೇಕು. 0.1 ಮಿಲಿರೇಡಿಯನ್ (ಒಂದು ಡಿಗ್ರಿಯ ಸುಮಾರು 175ನೇ ಒಂದು ಪಾಲು) ಓರೆಯಾದರೂ ನೆಲದಲ್ಲಿ 53 ಸೆಂ.ಮೀ. ತಪ್ಪು, ಅಂದರೆ ಮೂರೂವರೆ ಪಿಕ್ಸೆಲ್. ಗುರುತು ಹಾರುವ ದಿಕ್ಕಿಗೆ ಮುಂದಕ್ಕೋ ಹಿಂದಕ್ಕೋ ಸರಿದಿದ್ದರೆ ಸಂಶಯ ಎರಡು ಕಡೆ ಹೋಗುತ್ತದೆ. ಎತ್ತರ ಹೆಚ್ಚಿಸಿದಾಗ ತಪ್ಪೂ ಹೆಚ್ಚಿದರೆ ಕ್ಯಾಮೆರಾ ಕೂರಿಸಿದ ಕೋನ ಸರಿಯಿಲ್ಲ. ವೇಗ ಹೆಚ್ಚಿಸಿದಾಗ ಹೆಚ್ಚಿದರೆ ಗಡಿಯಾರ ಸರಿಯಿಲ್ಲ: ಸೆಕೆಂಡಿಗೆ 100 ಮೀಟರ್ ಹೋಗುವ ವಿಮಾನದಲ್ಲಿ 10 ಮಿಲಿಸೆಕೆಂಡ್ ತಡವೆಂದರೆ ಒಂದು ಮೀಟರ್. ಒಂದೇ ಎತ್ತರ, ಒಂದೇ ವೇಗದಲ್ಲಿ ಹಾರಿ ಬಂದರೆ ಎರಡನ್ನೂ ಬೇರ್ಪಡಿಸಲಾಗದು, ಇಂಧನ ದಂಡ.

ಎಲ್ಲ ಚಿಪ್ಪಿನ ಚಿತ್ರಗಳನ್ನು ಒಂದಾಗಿ ಹೊಲಿಯುವಾಗ ಮತ್ತೊಂದು ಕಾಟ. ಲಂಬದಿಂದ 45 ಡಿಗ್ರಿ ಓರೆಯಲ್ಲಿ ನೋಡಿದರೆ 30 ಮೀಟರ್ ಕಟ್ಟಡದ ತುದಿ ನೆಲದ ಮೇಲೆ 30 ಮೀಟರ್ ಆಚೆ ಬೀಳುತ್ತದೆ. ವಿಮಾನ ಸುತ್ತಿದಂತೆ ಕಟ್ಟಡವೂ ವಾಲುತ್ತಾ ಹೋಗುತ್ತದೆ, ಪಕ್ಕದ ರಸ್ತೆಯ ಕಾರು ಮರೆಯಾಗುತ್ತದೆ, ಹೊರಬಂದಾಗ ಜಾಡು ಹಿಡಿಯುವ ತಂತ್ರಾಂಶ, ಅಂದರೆ ಟ್ರ್ಯಾಕರ್, ಅದನ್ನು ಹೊಸ ಕಾರೆಂದು ಎಣಿಸುತ್ತದೆ. ಎರಡು ಚಿಪ್‌ಗಳ ಬೆಳಕಿನ ಅಳತೆ ಹೊಂದದಿದ್ದರೆ ಹೊಲಿಗೆಯ ಗೆರೆ ದಾಟುವಾಗಲೂ ಇದೇ ಗತಿ.

ದತ್ತಾಂಶದ ವಿಷಯದಲ್ಲಿ ಬಡಾಯಿಯೂ ಉಂಟು. 2013ರಲ್ಲಿ ಅಮೆರಿಕದ ಟಿವಿ ಕಾರ್ಯಕ್ರಮವೊಂದರಲ್ಲಿ ದಿನಕ್ಕೆ ಹತ್ತು ಲಕ್ಷ ಟೆರಾಬೈಟ್ ಅಂದರು. ಸೆಕೆಂಡಿಗೆ 12 ಚಿತ್ರ, ಪಿಕ್ಸೆಲ್‌ಗೆ 12 ಬಿಟ್ ಹಿಡಿದರೂ ಸೆಕೆಂಡಿಗೆ 33 ಗಿಗಾಬೈಟ್. ದಿನವಿಡೀ ಓಡಿಸಿದರೂ ಮೂರು ಸಾವಿರ ಟೆರಾಬೈಟ್ ದಾಟದು. ನೆಲಕ್ಕೆ ಸೆಕೆಂಡಿಗೆ 274 ಮೆಗಾಬಿಟ್ ಇಳಿಸುವ ರೇಡಿಯೊ ಲಿಂಕಿಗೆ ಅದೂ ಸುಮಾರು ಸಾವಿರ ಪಟ್ಟು ಜಾಸ್ತಿ. ಹಾಗಾಗಿ ಕೆಳಗಿನವರು ಕೇಳಿದ ಜಾಗದ 640×480ರ 65 ಕಿಟಕಿಗಳಷ್ಟೇ ಇಳಿದು ಬರುವುದು.

ಇಳಿದ ಮೇಲೆ ಪಾಡ್ ತಕ್ಷಣ ಬಿಚ್ಚಬಾರದು. ತಣ್ಣನೆ ಗಾಜಿಗೆ ತೇವದ ಗಾಳಿ ತಾಗಿ ಒಳಗೆ ಬೆವರುತ್ತದೆ. ಅಷ್ಟರಲ್ಲಿ ಡಿಸ್ಕ್‌ನಿಂದ ಮೊದಲು ತೆರೆದು ನೋಡಬೇಕಾದದ್ದು ಚಿತ್ರವಲ್ಲ, ಸಮಯದ ಲಾಗ್. ಅದರಲ್ಲಿ ಗಡಿಯಾರ ಹೊಂದಿಸುವ ಜಿಪಿಎಸ್ ತುಡಿತ ಎಲ್ಲಾದರೂ ತಪ್ಪಿದ್ದರೆ ಆ ಸುತ್ತನ್ನು ಮತ್ತೆ ಹಾರಬೇಕು.