ಡಿಜಿಟಲ್ ಕಮ್ಯುನಿಕೇಷನ್‌ಗೆ ಸಂಭವನೀಯತೆ ಎಷ್ಟು ಗೊತ್ತಿರಬೇಕು?

ಎಂಜಿನಿಯರಿಂಗ್ ಓದುತ್ತಿರುವವರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: ಡಿಜಿಟಲ್ ಕಮ್ಯುನಿಕೇಷನ್ ಶುರು ಮಾಡುವ ಮೊದಲು ಸಂಭವನೀಯತೆಯನ್ನೂ ರ‍್ಯಾಂಡಮ್ ಪ್ರೋಸೆಸ್‌ಗಳನ್ನೂ (ಕಾಲ ಸರಿದಂತೆ ಆಕಸ್ಮಿಕವಾಗಿ ಬದಲಾಗುವ ಸಿಗ್ನಲ್‌ಗಳ ಗಣಿತ) ಪೂರ್ತಿ ಓದಿ ಮುಗಿಸಬೇಕೇ? ಪೂರ್ತಿ ಬೇಕಾಗಿಲ್ಲ. ಆದರೆ ಒಂದು ಲೆಕ್ಕವನ್ನು ಯಾರ ನೆರವೂ ಇಲ್ಲದೆ ಮೊದಲಿನಿಂದ ಕೊನೆಯವರೆಗೆ ಮಾಡಲು ಬರಬೇಕು.

ಆ ಲೆಕ್ಕ ಇದು. ಬಿಪಿಎಸ್‌ಕೆಯಲ್ಲಿ (ತರಂಗವನ್ನು ನೇರ ಅಥವಾ ತಲೆಕೆಳಗು ಮಾಡಿ 1, 0 ಕಳುಹಿಸುವ ವಿಧಾನ) ಕಳುಹಿಸಿದ ಬಿಟ್, ರಿಸೀವರ್‌ನ ಕೋರಿಲೇಟರ್ (ಬಂದ ಸಿಗ್ನಲ್ಲನ್ನು ಗೊತ್ತಿರುವ ತರಂಗದಿಂದ ಗುಣಿಸಿ ಇಂಟೆಗ್ರೇಟ್ ಮಾಡುವ ಭಾಗ) ದಾಟಿದ ಮೇಲೆ ಒಂದೇ ಒಂದು ಸಂಖ್ಯೆಯಾಗಿ ಉಳಿಯುತ್ತದೆ: ಬಿಟ್ ಶಕ್ತಿಯ ವರ್ಗಮೂಲದಷ್ಟು ಧನ ಅಥವಾ ಋಣ ಬೆಲೆ, ಅದರ ಜೊತೆಗೆ ನಾಯ್ಸ್. ಈ ನಾಯ್ಸ್‌ನ ವೇರಿಯನ್ಸ್, ಅಂದರೆ ಏರುಪೇರಿನ ಅಳತೆ, ಎಷ್ಟು? ಬರೆಯಲು ಹೊರಟರೆ ಆಟೋಕೋರಿಲೇಷನ್ (ಎರಡು ಕ್ಷಣಗಳ ನಾಯ್ಸ್ ಬೆಲೆಗಳ ನಡುವಿನ ಸಂಬಂಧ) ಒಳಗೊಂಡ ಎರಡು ಇಂಟೆಗ್ರಲ್‌ಗಳು ಬರುತ್ತವೆ. ವೈಟ್ ನಾಯ್ಸ್‌ನ (ಎಲ್ಲ ಆವರ್ತನಗಳಲ್ಲೂ ಸಮ ಬಲವಿರುವ ನಾಯ್ಸ್) ಆಟೋಕೋರಿಲೇಷನ್ ಡೆಲ್ಟಾ ಫಂಕ್ಷನ್ (ಒಂದೇ ಬಿಂದುವಿನಲ್ಲಿ ಕೇಂದ್ರೀಕೃತವಾದದ್ದು) ಆಗಿರುವುದರಿಂದ ಅವುಗಳಲ್ಲಿ ಒಂದು ಕರಗಿಹೋಗುತ್ತದೆ, ಉಳಿದದ್ದು ಕೋರಿಲೇಟರ್ ಬಳಸುವ ತರಂಗದ ಶಕ್ತಿ. ಅದನ್ನು ಒಂದಕ್ಕೆ ಹೊಂದಿಸಿಕೊಂಡರೆ, ತರಂಗದ ಆಕಾರ ಯಾವುದೇ ಇರಲಿ, ಉತ್ತರ ಎನ್ ನಾಟ್ ಬೈ ಟು (ಎನ್ ನಾಟ್ ಎಂದರೆ ಒಂದು ಹರ್ಟ್ಸ್‌ಗೆ ಬರುವ ನಾಯ್ಸ್ ಪವರ್). ರ‍್ಯಾಂಡಮ್ ಪ್ರೋಸೆಸ್ ಏಕೆ ಬೇಕು ಎಂಬುದು ನನ್ನ ಮಟ್ಟಿಗೆ ಈ ಸಾಲಿನಲ್ಲೇ ತಿಳಿಯುತ್ತದೆ.

ನಾಯ್ಸ್ ಗಾಸಿಯನ್ (ಗಂಟೆಯಾಕಾರದ ಹಂಚಿಕೆಯುಳ್ಳದ್ದು) ಎಂದು ಒಪ್ಪಿಕೊಳ್ಳುವುದಕ್ಕೂ ಕಾರಣವಿದೆ. 1928ರಲ್ಲಿ ಬೆಲ್ ಲ್ಯಾಬ್ಸ್‌ನ ಜಾನ್ಸನ್ ಪ್ರಕಟಿಸಿದ, ನೈಕ್ವಿಸ್ಟ್ ವಿವರಿಸಿದ ಉಷ್ಣ ನಾಯ್ಸ್ ಅಸಂಖ್ಯ ಎಲೆಕ್ಟ್ರಾನ್‌ಗಳ ಚಲನೆಯ ಮೊತ್ತ. ಅಲ್ಲಿ ಸೆಂಟ್ರಲ್ ಲಿಮಿಟ್ ಪ್ರಮೇಯ ಕೆಲಸ ಮಾಡುತ್ತದೆ: ಇಂಥ ಮೊತ್ತ ಗಾಸಿಯನ್‌ಗೆ ಹತ್ತಿರವಾಗುತ್ತದೆ. ಹೀಗೆ ಗಾಸಿಯನ್ ಬಾಲದ ವಿಸ್ತೀರ್ಣವೇ ತಪ್ಪಿನ ಸಂಭವನೀಯತೆಯಾಗುತ್ತದೆ: ಇಬಿ ಬೈ ಎನ್ ನಾಟ್ (ಬಿಟ್ ಶಕ್ತಿಗೂ ಎನ್ ನಾಟ್‌ಗೂ ಇರುವ ಅನುಪಾತ) ಸುಮಾರು 9.6 ಡೆಸಿಬಲ್ ಇದ್ದಾಗ ಲಕ್ಷ ಬಿಟ್‌ಗೆ ಒಂದು ತಪ್ಪು. ಸಿಗ್ನಲ್ ರೇಲೀ ಫೇಡಿಂಗ್‌ಗೆ (ಹಲವು ದಾರಿಗಳಲ್ಲಿ ಬಂದ ತರಂಗಗಳು ಬೆರೆತು ಸಿಗ್ನಲ್ ಬಲ ಏರಿಳಿಯುವುದು) ಒಳಗಾದರೆ, ಬದಲಾಗುವ ಬಲದ ಮೇಲೆ ಇದೇ ಸೂತ್ರದ ಸರಾಸರಿ ತೆಗೆಯಬೇಕು. ಆಗ ಅದೇ ಗುರಿಗೆ ಸರಾಸರಿ 44 ಡೆಸಿಬಲ್ ಬೇಕಾಗುತ್ತದೆ. ಷರತ್ತುಬದ್ಧ ಸರಾಸರಿಯ ಮಹತ್ವವನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಉದಾಹರಣೆ ನನಗೆ ಗೊತ್ತಿಲ್ಲ.

ಆದ್ದರಿಂದ ಬೇಯ್ಸ್ ಸೂತ್ರ, ಜಂಟಿ ಗಾಸಿಯನ್ ಚರಗಳು, ವೈಡ್ ಸೆನ್ಸ್ ಸ್ಟೇಷನರಿ ಪ್ರಕ್ರಿಯೆ, ಪವರ್ ಸ್ಪೆಕ್ಟ್ರಮ್, ಫಿಲ್ಟರ್ ದಾಟಿದಾಗ ಅದಕ್ಕಾಗುವ ಬದಲಾವಣೆ, ಇಷ್ಟನ್ನು ಗಟ್ಟಿ ಮಾಡಿಕೊಳ್ಳಿ. ಇಸ್ಪೀಟಿನೆಲೆ, ದಾಳಗಳ ಲೆಕ್ಕದಲ್ಲಿ ತಿಂಗಳುಗಟ್ಟಲೆ ಕಳೆಯುವುದು ಬೇಡ. ಮಾರ್ಕೊವ್ ಸರಪಳಿಗಳು ಅಗತ್ಯ ಬಿದ್ದಾಗ ಬರಲಿ.

ಕಾಗದದ ಮೇಲೆ ಬಂದ ಉತ್ತರವನ್ನು ಕಂಪ್ಯೂಟರ್‌ನಲ್ಲಿ ಖಂಡಿತ ಪರೀಕ್ಷಿಸಿ. ಲಕ್ಷಕ್ಕೊಂದು ತಪ್ಪನ್ನು ಅಳೆಯಲು ಲಕ್ಷ ಬಿಟ್ ಸಾಲದು. ತಪ್ಪುಗಳ ಎಣಿಕೆಯೇ ರ‍್ಯಾಂಡಮ್ ಆದ್ದರಿಂದ, ಅಂದಾಜಿನ ಏರುಪೇರು ಶೇ. 10ರ ಆಸುಪಾಸಿಗೆ ಇಳಿಯಬೇಕಾದರೆ ನೂರು ತಪ್ಪುಗಳಾದರೂ ಸಿಗಬೇಕು, ಅಂದರೆ ಸುಮಾರು ಒಂದು ಕೋಟಿ ಬಿಟ್ ಕಳುಹಿಸಬೇಕು.