ಎರಡು ದಿನದ ಟೇಪಿಂಗ್ ತರಬೇತಿ ಕಲಿಸದೆ ಬಿಟ್ಟದ್ದು

ವಾಲಿಬಾಲ್ ಪಂದ್ಯಾವಳಿಗಳ ಕಾಲ ಬಂದರೆ ನನ್ನ ಫಿಸಿಯೋಥೆರಪಿ ಕ್ಲಿನಿಕ್‌ಗೆ ಬರುವ ಹುಡುಗರ ಬೇಡಿಕೆ ಒಂದೇ: "ಮೇಡಂ, ಭುಜಕ್ಕೆ ಆ ನೀಲಿ ಟೇಪ್ ಹಾಕಿ." ನೋವು ಎಲ್ಲಿ, ಕೈ ಎಷ್ಟು ಏಳುತ್ತದೆ ಎಂದು ಕೇಳುವಷ್ಟರಲ್ಲಿ ಅಂಗಿ ಕಳಚಿ ಕುಳಿತಿರುತ್ತಾರೆ. ಅವರನ್ನು ದೂರುವಂತಿಲ್ಲ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಬೀಚ್ ವಾಲಿಬಾಲ್ ಆಟಗಾರ್ತಿ ಕೆರಿ ವಾಲ್ಷ್ ಭುಜದ ಮೇಲಿನ ಪಟ್ಟಿ ಟಿವಿಯಲ್ಲಿ ಮಿಂಚಿದಂದಿನಿಂದ ಈ ಮೋಹ ಹಬ್ಬುತ್ತಲೇ ಇದೆ.

ಜಪಾನಿನ ಕೆಂಜೊ ಕಾಸೆ 1970ರ ದಶಕದಲ್ಲಿ ರೂಪಿಸಿದ ಪಟ್ಟಿ ಇದು, ಹೆಸರು ಕಿನೀಸಿಯೋ ಟೇಪ್: ಹಿಗ್ಗುವ ಹತ್ತಿ ಬಟ್ಟೆ, ಬೆನ್ನಿಗೆ ಅಲೆಅಲೆಯಾದ ಅಕ್ರಿಲಿಕ್ ಅಂಟು. ಚರ್ಮವನ್ನು ತುಸು ಮೇಲೆತ್ತಿ ರಕ್ತಸಂಚಾರಕ್ಕೆ ದಾರಿ ಮಾಡುತ್ತದೆ ಎಂಬುದು ವಾದ.

ಇದರ ವಾರಾಂತ್ಯದ ತರಬೇತಿಗೆ ನಾನೂ ಹೋಗಿದ್ದೆ. ಸ್ನಾಯುವನ್ನು ಚುರುಕುಗೊಳಿಸಲು ಪಟ್ಟಿಯನ್ನು ಒರಿಜಿನ್‌ನಿಂದ (ಸ್ನಾಯು ಶುರುವಾಗುವ ತುದಿ) ಇನ್ಸರ್ಷನ್‌ಗೆ (ಅದು ಎಳೆಯುವ ಮೂಳೆಗೆ ಅಂಟಿದ ತುದಿ), ಸಡಿಲಿಸಲು ಅದರ ತಿರುಗುಮುರುಗು. ಪಟ್ಟಿಯ ಎಳೆತ ಇಂತಿಷ್ಟೇ ಶೇಕಡಾ. ಶೇ. 15ಕ್ಕೂ ಶೇ. 25ಕ್ಕೂ ಇರುವ ವ್ಯತ್ಯಾಸವನ್ನು ಬೆರಳಿನಲ್ಲೇ ಅಳೆಯುವವರನ್ನು ನಾನಿನ್ನೂ ಕಂಡಿಲ್ಲ. ಮೂಲೆಗಳನ್ನು ದುಂಡಗೆ ಕತ್ತರಿಸುವುದು, ಎರಡೂ ತುದಿಗಳನ್ನು ಎಳೆಯದೆ ಅಂಟಿಸುವುದು, ಚರ್ಮ ಕೆಂಪಾದರೆ ತಕ್ಷಣ ತೆಗೆಯುವುದು, ಇವೆಲ್ಲ ಒಳ್ಳೆಯ ಪಾಠಗಳೇ. ಪುರಾವೆ ಏನಿದೆ ಎಂದು ಕೇಳಿದಾಗ ಮಾತ್ರ "ರೋಗಿಗೆ ಹಾಯೆನಿಸಿದರೆ ಅದೇ ಪುರಾವೆ" ಎಂಬ ಉತ್ತರ ಬಂತು. ಸರ್ಟಿಫಿಕೇಟ್ ದಪ್ಪ ಕಾಗದದ್ದು.

ಆ ಉತ್ತರಕ್ಕೆ ನನ್ನ ಮೆಚ್ಚಿನ ಮರುಮಾತು 2015ರಲ್ಲಿ ಪ್ರಕಟವಾದ ಹಾಂಗ್‌ಕಾಂಗ್‌ನ ಪ್ರಯೋಗ. ಈ ಟೇಪಿನ ಹೆಸರನ್ನೂ ಕೇಳಿರದ 30 ಆರೋಗ್ಯವಂತರನ್ನು ಆರಿಸಿ, ಕಾಲಿಗೆ ಅಂಟಿಸುತ್ತಿರುವುದು ಸ್ನಾಯುವಿನ ಚಟುವಟಿಕೆ ಅಳೆಯುವ ಸಂವೇದಕ ಎಂದು ಹೇಳಿದರು. ಎಳೆದು ಹಾಕಿದರು, ಎಳೆಯದೆ ಹಾಕಿದರು, ಹಾಕದೆಯೂ ಪರೀಕ್ಷಿಸಿದರು. ತೊಡೆಯ ಬಲ ಮೂರರಲ್ಲೂ ಒಂದೇ. ನಂಬಿಕೆಯನ್ನು ಇಷ್ಟು ಜಾಣತನದಿಂದ ಹೊರಗಿಟ್ಟ ಪ್ರಯೋಗಗಳು ನಮ್ಮ ಕ್ಷೇತ್ರದಲ್ಲಿ ವಿರಳ. ದಿಕ್ಕಿನ ಪಾಠಕ್ಕೂ ಆಧಾರ ಸಿಗಲಿಲ್ಲ: 36 ಮಂದಿಯ ಮೇಲೆ ನಡೆದ ಇನ್ನೊಂದು ಅಧ್ಯಯನದಲ್ಲಿ ಪಟ್ಟಿಯನ್ನು ಯಾವ ಕಡೆಯಿಂದ ಅಂಟಿಸಿದರೂ ತೊಡೆಯ ಬಲ ಬದಲಾಗಲಿಲ್ಲ. ಬ್ರೆಜಿಲ್‌ನಲ್ಲಿ ದೀರ್ಘಕಾಲದ ಸೊಂಟನೋವಿನ 148 ಮಂದಿಗೆ ನಾಲ್ಕು ವಾರ ಟೇಪ್ ಹಾಕಿದರು. ಎಳೆತ ಕೊಟ್ಟವರೂ ಕೊಡದವರೂ ಒಂದೇ ಸಮನೆ ಸುಧಾರಿಸಿದರು.

ಹಾಗೆಂದು ನನ್ನ ಡ್ರಾಯರ್‌ನಿಂದ ಟೇಪ್ ಮಾಯವಾಗಿಲ್ಲ. ಭುಜನೋವಿನ 42 ಅಮೆರಿಕನ್ ವಿದ್ಯಾರ್ಥಿಗಳ ಅಧ್ಯಯನದಲ್ಲಿ, ಟೇಪ್ ಹಾಕಿದ ಕೂಡಲೇ ನೋವಿಲ್ಲದೆ ಕೈ ಪಕ್ಕಕ್ಕೆತ್ತುವ ಮಟ್ಟ ಸುಮಾರು 17 ಡಿಗ್ರಿ ಹೆಚ್ಚಿತ್ತು. ಮುಂದಿನ ದಿನಗಳಲ್ಲಿ ಹೋಲಿಕೆಗೆಂದು ಹುಸಿಯಾಗಿ ಟೇಪ್ ಹಾಕಿಸಿಕೊಂಡವರಿಗೂ ಇವರಿಗೂ ಅಂತರ ಉಳಿಯಲಿಲ್ಲ. ನೋವಿಗೆ ಹೆದರಿ ಕೈಯನ್ನೇ ಆಡಿಸದವರಿಗೆ ಆ ಮೊದಲ ಹೊತ್ತು ಸಾಕು. ಪಟ್ಟಿ ಅಂಟಿಸಿ ಅಲ್ಲೇ ವ್ಯಾಯಾಮ ಶುರು ಮಾಡಿಸುತ್ತೇನೆ. ವ್ಯಾಯಾಮ ಒಲ್ಲೆ, ಟೇಪ್ ಮಾತ್ರ ಸಾಕು ಎನ್ನುವವರಿಗೆ ಹಾಕುವುದಿಲ್ಲ. ಮಧುಮೇಹವಿದ್ದು ಚರ್ಮ ತೆಳುವಾದ ಹಿರಿಯರಿಗಂತೂ ಬೇಡವೇ ಬೇಡ.

ಫಿಸಿಯೋಥೆರಪಿ ಪದವಿ (ಬಿಪಿಟಿ) ಮುಗಿಸುತ್ತಿರುವ ಇಂಟರ್ನ್‌ಗಳು ಈಗಲೂ ಕೇಳುತ್ತಾರೆ, ಟೇಪಿಂಗ್‌ನ ಮುಂದಿನ ಹಂತದ ಕೋರ್ಸ್ ಮಾಡೋಣವೇ ಎಂದು. ಮಾಡಿ, ಬೇಡ ಎನ್ನುವುದಿಲ್ಲ. ಅದಕ್ಕೆ ಮೊದಲು ಭುಜನೋವಿನ ಒಬ್ಬ ರೋಗಿಗೆ ವ್ಯಾಯಾಮದ ಭಾರವನ್ನು ವಾರವಾರ ಹೇಗೆ ಏರಿಸುತ್ತೀರಿ, ಯಾವ ಲಕ್ಷಣ ಕಂಡರೆ ಇಳಿಸುತ್ತೀರಿ ಎಂದು ಬರೆದುಕೊಂಡು ಬನ್ನಿ ಎನ್ನುತ್ತೇನೆ.